ಬಸವಣ್ಣೆವ್ವನನ್ನು ಇಳಿಸಿದ ಮೇಲೆ

ಹಲಗೇರಿಯ ಬಸವಣ್ಣೆವ್ವನನ್ನು ಮಂಚದಿಂದ ನೆಲಕ್ಕೆ ಇಳಿಸಿದವನು ಅವಳ ಮೈದುನ ಗೋಣೆಪ್ಪ. ಸಾಯುವವರನ್ನು ಮಂಚದ ಮೇಲೆ ಸಾಯಗೊಡಬಾರದು, ಜೀವ ಹೋಗುವ ಹೊತ್ತಿಗೆ ಮೈ ನೆಲ ಮುಟ್ಟಿರಬೇಕು ಎಂಬುದು ಆ ಮನೆಯಲ್ಲಿ ಹಿಂದಿನಿಂದ ನಡೆದುಬಂದ ಮಾತು. ಗೋಣೆಪ್ಪ ತನ್ನ ಅಪ್ಪನನ್ನು ಇಳಿಸಿದ್ದ, ಅವ್ವನನ್ನು ಇಳಿಸಿದ್ದ, ಅಣ್ಣನನ್ನೂ ಕಟ್ಟಿಕೊಂಡ ಹೆಂಡತಿಯನ್ನೂ ಇಳಿಸಿದ್ದ. ಓಣಿಯಲ್ಲಿ ಯಾರಿಗೆ ಮೇಲುಸಿರು ಹತ್ತಿದರೂ ಮೊದಲು ಅವನಿಗೆ ಹೇಳಿ ಕಳಿಸುತ್ತಿದ್ದರು. ಮೂಗಿನ ಕೆಳಗೆ ಬೆರಳು ಹಿಡಿದು, ಕಣ್ಣಿನ ರೆಪ್ಪೆ ಎತ್ತಿ ನೋಡಿ ‘ಇಳಸ್ರಿ’ ಅಂದನೆಂದರೆ ಮುಗಿಯಿತು, ಹೆಂಗಸರು ಅಳಲು ಶುರು ಮಾಡಬಹುದು. ಅವನ ಮಾತು ಅದುವರೆಗೆ ತಪ್ಪಿರಲಿಲ್ಲ.

ಬಸವಣ್ಣೆವ್ವನ ವಿಷಯದಲ್ಲಿ ತಪ್ಪಿತು.

ಎಮ್ಮೆಗೆ ನೀರಿಡಲು ಪಡಸಾಲೆಯಿಂದ ದಂದಕ್ಕಿಗೆ ಇಳಿಯುವಾಗ ಸಗಣಿಯ ಮೇಲೆ ಕಾಲಿಟ್ಟು ಜಾರಿದ್ದಳು. ಅಂಥ ಹಳೇ ಮನೆಗಳಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟುವ ತಗ್ಗು, ಅದೇ ದಂದಕ್ಕಿ. ಅದಕ್ಕೆ ಹೊಂದಿಕೊಂಡು ಮೊಣಕಾಲೆತ್ತರದಲ್ಲಿ ಮನುಷ್ಯರು ಕೂಡುವ, ಮಲಗುವ ಪಡಸಾಲೆ. ಹತ್ತಿ ಇಳಿಯಲು ಮೂಲೆಯಲ್ಲಿ ಕಲ್ಲಿನ ಮೆಟ್ಟಿಲು. ಮದುವೆಯಾಗಿ ಬಂದಂದಿನಿಂದ ಕಣ್ಣು ಮುಚ್ಚಿಕೊಂಡು ಇಳಿದ ಮೆಟ್ಟಿಲೇ ಅವಳ ಸೊಂಟದ ಎಲುಬು ಮುರಿಯಿತು. ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಕೊಯ್ದು ರಾಡು ಹಾಕಿದರು. ಮರುದಿನವೇ ಅರುಣಾ ಎಂಬ ನರ್ಸು ಬಂದು ಎಬ್ಬಿಸಿ ನಿಲ್ಲಿಸಲು ನೋಡಿದಳು. ಎತ್ತಿದರೆ ಮುದುಕಿ ಗೋಣಿಚೀಲದಂತೆ ಜೋತುಬಿದ್ದಳು. ಅಜ್ಜೀ, ನೀವೊಬ್ಬರ ಮೂರು ಮಂದಿ ತೂಕ ಆಗ್ತೀರಲ್ಲ, ನಾ ಎತ್ತೂದಿಲ್ಲ, ನೀವ ಏಳ್ರಿ ಎಂದು ಅರುಣಾ ಕೈಬಿಟ್ಟು ದೂರ ನಿಂತಳು. ಬಸವಣ್ಣೆವ್ವ ಅವಳ ತವರುಮನೆಯನ್ನೆಲ್ಲ ಬೈದು, ಕಬ್ಬಿಣದ ವಾಕರ್ ಹಿಡಿದು ಎದ್ದಳು.

ಬಿಟ್ಟು ಕಳಿಸುವಾಗ ಡಾಕ್ಟರು ಮಗ ಮೈಲೇಶನಿಗೆ ಬಿಡಿಸಿ ಹೇಳಿದ್ದರು. ಎತ್ತರದ ಮಂಚ ಇರಲಿ. ದಿನಾ ಎಬ್ಬಿಸಿ ನಡೆಸಿರಿ. ನೋವು ಅಂತ ಮಲಗಿಸಿ ಇಟ್ಟರೆ ಎದೆಗೆ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ. ಮೈಲೇಶ ಎಲ್ಲದಕ್ಕೂ ತಲೆಯಾಡಿಸಿದ್ದ.

ಮನೆಗೆ ಬಂದ ದಿನವೇ ಎಡವಟ್ಟಾಯಿತು. ನೋಡಲು ಬಂದ ಮಂದಿ ಪಡಸಾಲೆ ತುಂಬಿದ್ದರು. ಬಂದವರಿಗೆ ಚಾ ಮಾಡುವ ಗಡಿಬಿಡಿಯಲ್ಲಿ ಸೊಸೆ ಶೀಲಾ ಅತ್ತೆಗೆ ಶುಗರಿನ ಗುಳಿಗೆ ಕೊಟ್ಟಳು, ಊಟ ಕೊಡುವುದು ಹಿಂದುಳಿಯಿತು. ಮಂದಿ ಎದ್ದುಹೋಗುವ ಹೊತ್ತಿಗೆ ಮುದುಕಿ ತಣ್ಣಗೆ ಬೆವರಿ, ಕಣ್ಣು ಮೇಲೆ ಮಾಡಿ ಬಿದ್ದಿದ್ದಳು. ಗೋಣೆಪ್ಪ ಬಂದು ಬೆರಳು ಹಿಡಿದ, ರೆಪ್ಪೆ ಎತ್ತಿದ. ಇಳಸ್ರಿ ಅಂದ.

ಇಳಿಸಿದರು. ಕಂಬಳಿ ಹಾಸಿ ಅಂಗಾತ ಮಲಗಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದರು. ಮೈಲೇಶ ಬ್ಯಾಡಗಿಗೆ, ಹಾವೇರಿಗೆ ಫೋನು ಹಚ್ಚಿದ. ಶೀಲಾಗೆ ಒಂದು ನೆನಪಾಯಿತು: ಅತ್ತೆಗೆ ಚಾ ಅಂದರೆ ಜೀವ, ಶುಗರು ಬಂದಾಗಿನಿಂದ ಒಂದು ಸಲವೂ ಸಕ್ಕರೆ ಹಾಕಿ ಕೊಟ್ಟಿರಲಿಲ್ಲ. ಹೋಗುವಾಗಲಾದರೂ ಬಾಯಿ ಸಿಹಿ ಆಗಲಿ ಎಂದು ಪಾಕದಂಥ ಚಾ ಕಾಸಿ, ಚಮಚದಿಂದ ಹನಿಹನಿಯಾಗಿ ತುಟಿಗೆ ಬಿಟ್ಟಳು. ಅರ್ಧ ಬಟ್ಟಲು ಒಳಗೆ ಹೋಗಿರಬೇಕು. ಬಸವಣ್ಣೆವ್ವ ಕಣ್ಣು ಬಿಟ್ಟಳು. ಸುತ್ತ ಕೂತವರನ್ನೂ ತನ್ನ ತೋಳಿನ ವಿಭೂತಿಯನ್ನೂ ನೋಡಿ, ಯಾರು ಹೋದ್ರು ಅಂತ ಕೇಳಿದಳು. ಉಳಿದ ಚಾ ಯಾಕ ಇಟ್ಟೀದಿ, ಹಾಕು ಅಂದಳು.

ಖಾಲಿ ಹೊಟ್ಟೆಗೆ ಗುಳಿಗೆ ಕೊಟ್ಟು ಸಕ್ಕರೆ ಇಳಿಸಿದ್ದೀರಿ ಎಂದು ಮರುದಿನ ಡಾಕ್ಟರು ಫೋನಿನಲ್ಲಿ ಮೈಲೇಶನಿಗೆ ಚೆನ್ನಾಗಿ ಉಗಿದರು. ಅಲ್ಲಿಗೆ ಇದು ಓಣಿಯವರು ವರ್ಷಗಟ್ಟಲೆ ಹೇಳಿ ನಗುವ ಕತೆಯಾಗಿ ಮುಗಿಯಬೇಕಿತ್ತು.

ಆದರೆ ಮಂಚವನ್ನು ಅಷ್ಟೊತ್ತಿಗೆ ಗೋಡೆಗೆ ಎತ್ತಿ ನಿಲ್ಲಿಸಿ ಆಗಿತ್ತು. ಅದನ್ನು ಕೆಳಗೆ ಹಾಕಲು ಮೈಲೇಶ ಕೈ ಹಚ್ಚಿದಾಗ ಗೋಣೆಪ್ಪ ತಡೆದ. ಒಮ್ಮೆ ಇಳಿಸಿದವರನ್ನು ಮತ್ತೆ ಏರಿಸಬಾರದು. ಏರಿಸಿದರೆ ಬಂದ ಸಾವು ಬರಿಗೈಲೆ ಹೋಗುವುದಿಲ್ಲ, ಮನೆಯ ಇನ್ನೊಂದು ಜೀವ ಕೇಳುತ್ತದೆ. ತನ್ನ ಅಜ್ಜಿಯನ್ನು ಹೀಗೇ ಏರಿಸಿದ್ದರಂತೆ, ಹದಿನೈದು ದಿನದಲ್ಲಿ ತೊಟ್ಟಿಲ ಕೂಸು ಹೋಯಿತಂತೆ. ಕಾಕಾ, ಡಾಕ್ಟರು ಹಿಂಗ ಹೇಳ್ಯಾರಲ್ಲ ಅಂತ ಮೈಲೇಶ ಬಾಯಿ ತೆಗೆದ. ಶೀಲಾ ನಡುವೆ ಬಂದಳು. ಮಗಳು ಭುವನಾ ಹಾವೇರಿಯಲ್ಲಿ ಏಳು ತಿಂಗಳ ಬಸಿರಿ. ಚೊಚ್ಚಲ ಬಾಣಂತನಕ್ಕೆ ಇದೇ ಮನೆಗೆ ಬರುವವಳು.

‘ಡಾಕ್ಟರಗ ಏನ್ರಿ, ಅವರ ಮನ್ಯಾಗ ಬಸರಿ ಅದಾಳೇನು?’ ಅಂದಳು ಶೀಲಾ. ‘ಅತ್ತೀನ ನೆಲದ ಮ್ಯಾಲ ಇಟ್ಟು ಹೂವಿನಂಗ ನೋಡ್ಕೊಂತೇನಿ. ಏರಸೂದು ಮಾತ್ರ ಬ್ಯಾಡ.’

ಅವಳು ಆಡಿದ ಮಾತು ನಡೆಸಿದಳು ಅನ್ನಬೇಕು. ಹೊತ್ತಿಗೆ ಸರಿಯಾಗಿ ಗಂಜಿ, ಗುಳಿಗೆ, ಮೈ ಒರೆಸುವುದು, ಉಚ್ಚೆ ತೆಗೆಯುವುದು ಯಾವುದಕ್ಕೂ ಮುಖ ಗಂಟು ಹಾಕಲಿಲ್ಲ. ಅವ್ವ ಹೊರಳಿ ದಂದಕ್ಕಿಗೆ ಬಿದ್ದಾಳು ಎಂದು ಮೈಲೇಶ ಪಡಸಾಲೆಯ ಅಂಚಿಗೆ ಉದ್ದಕ್ಕೂ ಗೋವಿನಜೋಳದ ಚೀಲ ಇಟ್ಟು ಗೋಡೆ ಕಟ್ಟಿದ. ವಾಕರ್ ಹಿತ್ತಲಿಗೆ ಹೋಯಿತು. ಅದರ ಮೇಲೆ ಹಸಿ ಸೀರೆ ಒಣಗಿದವು. ಮುದುಕಿಯನ್ನು ಕೊಲ್ಲಲು ಹೊರಟವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಸೇರಿ, ಪ್ರೀತಿಯಿಂದ, ಅದೇ ಕೆಲಸ ಮಾಡುತ್ತಿದ್ದರು.

ಗೋಣೆಪ್ಪ ಅತ್ತಿಗೆಗಿಂತ ಐದಾರು ವರ್ಷ ಚಿಕ್ಕವನು. ಹೆಂಡತಿ ತೀರಿದ ವರ್ಷ ಹೊರಗಿನ ಕಟ್ಟೆಯ ಮೇಲೆ ಕೂತವನು ಮತ್ತೆ ಹೊಲದ ಕಡೆ ಮುಖ ಹಾಕಲಿಲ್ಲ. ಮೊಣಕಾಲಿಗೆ ಏನೂ ಆಗದಿದ್ದರೂ ಕೋಲು ಹಿಡಿದ. ಹಲ್ಲು ಗಟ್ಟಿ ಇದ್ದಾಗಲೇ ರೊಟ್ಟಿ ಬಿಟ್ಟು ಅನ್ನ ಕಿವುಚಿಕೊಂಡು ಉಣ್ಣತೊಡಗಿದ. ಏನು ಕೇಳಿದರೂ ‘ಇನ್ನೇನೈತಿ, ಆತಲ್ಲ’ ಅನ್ನುತ್ತಿದ್ದ. ಸಾವಿಗೆ ದಾರಿ ಮಾಡಿಕೊಟ್ಟು ಒಂದು ಕಡೆ ಸರಿದು ಕೂತರೆ ಅದು ಹೆಚ್ಚು ನೋಯಿಸದೆ ಬಂದು ಹೋಗುತ್ತದೆ ಅಂತ ಅವನ ಲೆಕ್ಕ. ಊರವರ ಸಾವಿನ ಹತ್ತಿರ ಹೋಗಿ ಬೆರಳು ಹಿಡಿಯುವುದೂ ಅದರೊಡನೆ ಸಲಿಗೆ ಬೆಳೆಸುವ ದಾರಿಯೇ ಇರಬೇಕು.

ಬಸವಣ್ಣೆವ್ವನದು ಬೇರೆ ಜಾತಕ. ಗಂಡ ಸತ್ತಾಗ ಮೈಲೇಶ ಇನ್ನೂ ಚಡ್ಡಿ ಹಾಕುತ್ತಿದ್ದ. ಅವಳು ಅತ್ತದ್ದು ಕಂಡವರು ಕಡಿಮೆ, ಜಗಳ ತೆಗೆದದ್ದು ಕಂಡವರು ಬಹಳ. ಬದುವಿನ ಜಗಳ, ನೀರಿನ ಜಗಳ, ಗೊಬ್ಬರದ ಜಗಳ. ಕೈಗೆ ಸಿಕ್ಕ ಕೆಲಸ ಮೊದಲು ಮಾಡು, ಉಳಿದದ್ದಕ್ಕೆ ಆಮೇಲೆ ಬೈ ಅನ್ನುವ ಪೈಕಿ. ರೈತರು ಹಸಿರು ಟವೆಲ್ ಹೊದ್ದು ಬೀದಿಗಿಳಿದ ಕಾಲದಲ್ಲಿ ಅವಳೂ ಇಳಿದಳು. ಕಂಡಕ್ಟರಿಗೆ ಟಿಕೆಟ್ ಇಲ್ಲ ಹೋಗೋ ಅಂದು ಬಸ್ಸು ಹತ್ತಿದ ಹೆಂಗಸರಲ್ಲಿ ಮುಂದಿನವಳು. ಮೆಣಸಿನಕಾಯಿಗೆ ರೇಟು ಬಿದ್ದ ವರ್ಷ ಬ್ಯಾಡಗಿಯಲ್ಲಿ ರಸ್ತೆಗೆ ಅಡ್ಡ ಕೂತಾಗ, ಕಾಯಿಯ ತೊಟ್ಟು ಬಿಡಿಸುವ ಹೆಂಗಸರೂ ಕೆಲಸ ಬಿಟ್ಟು ಬಂದು ಸೇರಿದರು. ಅವರಲ್ಲಿ ಹಾಜಿರಾಬಿ ಒಬ್ಬಳು. ಪೊಲೀಸ್ ವ್ಯಾನು ಬಂದು ನಿಂತಾಗ ಹಾಜಿರಾಬಿ ನಡುಗುತ್ತಿದ್ದಳು. ಪಕ್ಕದಲ್ಲಿ ಕೂತ ಬಸವಣ್ಣೆವ್ವ ಅವಳ ಕಿವಿಯಲ್ಲಿ ಒಂದು ವಿದ್ಯೆ ಹೇಳಿಕೊಟ್ಟಳು: ಎತ್ತಾಕ ಬಂದ್ರ ಒದರಬ್ಯಾಡ, ಜಗ್ಗಾಡಬ್ಯಾಡ, ಹೆಣದಂಗ ಭಾರ ಬಿಡು. ಒದ್ದಾಡುವವಳನ್ನು ಒಬ್ಬ ಎಳೆದೊಯ್ಯುತ್ತಾನೆ, ಹೆಣ ಬಿದ್ದವಳಿಗೆ ನಾಲ್ಕು ಮಂದಿ ಬೇಕು. ಅಂದು ಇಬ್ಬರನ್ನೂ ವ್ಯಾನಿಗೆ ಹಾಕುವಷ್ಟರಲ್ಲಿ ಪೇದೆಗಳು ಬೆವರಿಹೋದರು. ಆಮೇಲೆ ಎಷ್ಟೋ ಸಲ ಹೀಗೇ ಎತ್ತಿಸಿಕೊಂಡು, ಯಾರ ಕೈ ಕಂಕುಳಿಗೆ ಬಂದರೂ ಮೈ ತಾನಾಗಿ ಭಾರ ಬಿಡುವುದನ್ನು ಕಲಿತುಬಿಟ್ಟಿತು.

ಅಂಥವಳು ನೆಲದ ಮೇಲೆ ಮಲಗಿ ಮೊದಲ ವಾರ ಮನೆಯವರ ಮಾನ ಕಳೆದಳು. ಮಂಚ ಹಾಕ್ರಿ, ವಾಕರ್ ತರ್ರಿ, ಡಾಕ್ಟರಿಗೆ ಫೋನು ಹಚ್ಚ್ರಿ ಎಂದು ಒಂದೇ ಸಮ ಕೂಗಿದಳು. ಯಾರೂ ಎದುರು ಮಾತಾಡಲಿಲ್ಲ. ಜಗಳವಾದರೂ ಆಗಿದ್ದರೆ ಅವಳಿಗೆ ಬಲ ಬರುತ್ತಿತ್ತು. ಎಲ್ಲರೂ ಸಮಾಧಾನ ಮಾಡಿದರು. ಆತಬೇ ಯವ್ವಾ, ನಾಳೆ ನೋಡೂಣು ಅನ್ನುತ್ತಿದ್ದ ಮೈಲೇಶ. ಒಬ್ಬಳೇ ಏಳಲು ನೋಡಿದಳು. ಮುರಿದ ಕಾಲು ಮಡಿಚಲು ಬಾರದು, ಹಿಡಿಯಲು ಬರೀ ನುಣುಪು ಗೋಡೆ. ನೆಲದಿಂದ ಗೇಣು ಮೇಲೆದ್ದು ಮತ್ತೆ ಬಿದ್ದಾಗ ಶೀಲಾ ಓಡಿಬಂದು, ನಿಮ್ಮ ಕಾಲಿಗೆ ಬೀಳ್ತೀನ್ರೀ ಅತ್ತಿ, ಭುವನಾನ ಮಾರಿ ನೋಡ್ರಿ ಅಂದಳು. ಭುವನಾ ಅಂದರೆ ಬಸವಣ್ಣೆವ್ವನಿಗೂ ಕರುಳು. ಅವಳು ಸುಮ್ಮನಾದಳು.

ಸುಮ್ಮನಾದದ್ದೇ ಆಪತ್ತಿಗೆ ಮೊದಲಾಯಿತು. ಫೋನು ಹೋದ ಬೀಗರು, ನೆಂಟರು ಬಂದೇ ಬಂದರು. ಸಾಯುವವರನ್ನು ಮಾತಾಡಿಸಿ ಹೋಗುವುದು ನಮ್ಮಲ್ಲಿ ದೊಡ್ಡ ಕರ್ತವ್ಯ. ಸತ್ತ ಮೇಲೆ ಬಂದರೆ ಮಾತು ಬರುತ್ತದೆ. ಬಾಳೆಹಣ್ಣು, ಬಿಸ್ಕಿಟು ಹಿಡಿದು ಬಂದವರು ನೆಲದ ಮೇಲಿನವಳನ್ನು ನೋಡಿದ ಕೂಡಲೇ ಸೆರಗು ಬಾಯಿಗೆ ಹಚ್ಚುತ್ತಿದ್ದರು. ಗೋಡೆಗೆ ನಿಂತ ಮಂಚ ನೋಡಿ ಇನ್ನೂ ಜೋರಾಗಿ ಅಳುತ್ತಿದ್ದರು. ನಾನು ಕಂಡ ಹೆಣ್ಣುಮಕ್ಕಳಲ್ಲಿ ನಿನ್ನಂಥಾಕಿ ಇರಲಿಲ್ಲ ಅನ್ನುತ್ತಿದ್ದರು. ಇರಲಿಲ್ಲ ಎಂಬ ಮಾತು ಮೊದಲು ಅವಳಿಗೆ ಸಿಟ್ಟು ತರಿಸಿತು. ಬರಬರುತ್ತ ಕಿವಿಗೆ ಹಿತವಾಯಿತು. ಬದುಕಿನಲ್ಲಿ ಅವಳನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಮಲಗಿದಲ್ಲೇ ಎಲ್ಲ ಬರುತ್ತಿತ್ತು, ಬದುವಿಗಾಗಿ ಜಗಳ ಮಾಡುವುದಿರಲಿಲ್ಲ, ಎಮ್ಮೆಗೆ ನೀರಿಡುವುದಿರಲಿಲ್ಲ.

ರೊಟ್ಟಿ ಕೇಳುವುದು ಬಿಟ್ಟಳು. ವಾಕರ್ ಅನ್ನುವುದು ಬಿಟ್ಟಳು. ಬೆನ್ನ ಕೆಳಗೆ ಕೆಂಪಗಾಗಿ, ಚರ್ಮ ಸುಲಿಯಿತು. ಕೆಮ್ಮು ಬಂತು, ಕೆಮ್ಮಿದರೆ ಎದೆಯೊಳಗೆ ಗೊರಗೊರ ಸದ್ದು. ಡಾಕ್ಟರು ಹೇಳಿದ ಮಾತುಗಳು ಒಂದೊಂದಾಗಿ ಬಂದು ಪಡಸಾಲೆಯಲ್ಲಿ ಕೂತವು. ಮೈಲೇಶ ಅದನ್ನು ಕಂಡ, ರಾತ್ರಿ ನಿದ್ದೆಗೆಟ್ಟ, ಬೆಳಿಗ್ಗೆ ಹೊಲಕ್ಕೆ ಹೋದ.

ಗೋಣೆಪ್ಪ ಮತ್ತೊಂದು ಸಲ ಬಂದು ರೆಪ್ಪೆ ಎತ್ತಿ ನೋಡಿದ. ಎಳ್ಳ ಅಮಾಸಿ ದಾಟೂದಿಲ್ಲ ಅಂದ. ಒಮ್ಮೆ ಸೋತವನು, ಈ ಸಲ ದಿನ ಇಟ್ಟೇ ಹೇಳಿದ.

ಅದು ಮಲಗಿದವಳ ಕಿವಿಗೂ ಬಿತ್ತು. ಅಮವಾಸ್ಯೆ ಇನ್ನೂ ಐದಾರು ದಿನ ಇತ್ತು. ಅವಳಿಗೆ ಹೆದರಿಕೆಯಾಗಬೇಕಿತ್ತು. ಮೈ ಹಗುರಾದಂತಾಯಿತು. ಅಮಾಸಿವರೆಗೆ ಅಲ್ಲವೇ, ಅಲ್ಲಿತನಕ ಗಂಜಿ ಕುಡಿದರಾಯಿತು ಅಂದುಕೊಂಡಳು. ಹಾಗೆ ಅಂದುಕೊಂಡದ್ದು ಅವಳಿಗೇ ಗೊತ್ತಾಗಲಿಲ್ಲ, ಅಷ್ಟು ಮೆತ್ತಗೆ ಬಂದಿತ್ತು ಆ ಮಾತು ಒಳಗೆ.

ಎಳ್ಳ ಅಮಾಸಿಯ ದಿನ ಬೆಳೆದು ನಿಂತ ಜೋಳದ ಹೊಲಕ್ಕೆ ಚರಗ ಚೆಲ್ಲಬೇಕು. ಅಡಿಗೆ ಮಾಡಿಕೊಂಡು ಹೋಗಿ, ಭೂಮಿತಾಯಿಗೆ ಉಣಿಸಿ, ಅಲ್ಲೇ ಕೂತು ಉಂಡು ಬರುವುದು. ಸಾವಿನ ಮನೆಯಾದರೂ ಭೂಮಿಗೆ ಉಪವಾಸ ಹಾಕುವಂತಿಲ್ಲ. ಮೈಲೇಶ, ಶೀಲಾ, ಬಂದ ನೆಂಟರು ಬುಟ್ಟಿ ಹೊತ್ತು ಹೊರಟರು. ಲಗೂ ಬರ್ತೀವ್ರಿ ಅತ್ತಿ ಎಂದು ಹೇಳಿ ಶೀಲಾ ನೀರಿನ ತಂಬಿಗೆಯನ್ನು ಅವಳ ಕೈಗೆಟಕುವಂತೆ ಇಟ್ಟಳು. ಕಾವಲಿಗೆ ಗೋಣೆಪ್ಪ ಉಳಿದ. ತಲೆಬಾಗಿಲ ಹೊಸ್ತಿಲ ಮೇಲೆ ಕೋಲು ತೊಡೆಗೆ ಅಡ್ಡ ಇಟ್ಟುಕೊಂಡು, ಒಂದು ಕಣ್ಣು ಅತ್ತಿಗೆಯ ಎದೆಯ ಮೇಲೆ ಇಟ್ಟು ಕೂತ.

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಒಂದು ಟಂಟಂ ಆಟೊ ಬಂದು ನಿಂತಿತು. ಇಳಿದವಳು ಹಾಜಿರಾಬಿ. ಈಗ ರಾಣೆಬೆನ್ನೂರಿನಲ್ಲಿ ಮಗನ ಮನೆಯಲ್ಲಿರುತ್ತಾಳೆ. ಒಂದು ಕಣ್ಣಿಗೆ ಪೊರೆ ಬಂದು ಬೆಳ್ಳಗಾಗಿದೆ, ಕಿವಿ ಅರ್ಧ. ಆದರೂ ಬಳೆಯ ಮಲಾರ ಹೊತ್ತು ಊರೂರು ತಿರುಗುವುದು ಬಿಟ್ಟಿಲ್ಲ; ಕಾಣದ ಕಣ್ಣಿನ ಕಡೆಯಿಂದ ಬಸ್ಸು ಬಂದರೆ ಅದು ನನ್ನ ನೋಡ್ಕೊಂಡು ಹೋಕ್ಕೈತಿ ಅನ್ನುತ್ತಾಳೆ. ಹೊಸ್ತಿಲಲ್ಲಿ ಕೂತ ಗೋಣೆಪ್ಪನನ್ನು ದಾಟಿ, ಎಮ್ಮೆಯನ್ನು ಅತ್ತ ನೂಕಿ, ಮೆಟ್ಟಿಲು ಹತ್ತಿ ಬಂದು ಕಂಬಳಿಯ ಪಕ್ಕ ಕೂತಳು. ಅಳಲಿಲ್ಲ. ಮೂಗು ಹಿರಿದು, ಮನಿ ನಾರಾಕತ್ತೈತಿ ಅಂದಳು.

ಬಸವಣ್ಣೆವ್ವ ಸಣ್ಣ ದನಿಯಲ್ಲಿ ನೆಂಟರಿಗೆ ಹೇಳಿ ಹೇಳಿ ಬಾಯಿಪಾಠವಾದದ್ದನ್ನು ಹೇಳಿದಳು. ಬಂದೆಲ್ಲ, ಚಲೋ ಆತು, ಇವತ್ತು ಅಮಾಸಿ, ನನ್ನದು ಮುಗೀತು, ತಪ್ಪು ಒಪ್ಪು ಹೊಟ್ಟಿಗೆ ಹಾಕ್ಕೊ ಎಂದು. ಹಾಜಿರಾಬಿ ಕೇಳುವ ಕಿವಿಯನ್ನು ಹತ್ತಿರ ತಂದು ಎಲ್ಲ ಕೇಳಿಸಿಕೊಂಡಳು. ಗೋಡೆಗೆ ನಿಂತ ಮಂಚ ನೋಡಿದಳು, ಚೀಲದ ಸಾಲು ನೋಡಿದಳು. ವಾಕರ್ ಎಲ್ಲಿ ಅಂತ ಕೇಳಿದಳು. ಹಿತ್ತಲದಾಗ ಸೀರಿ ಒಣಗಾಕತ್ತಾವು ಎಂದು ಹೊಸ್ತಿಲಿನಿಂದ ಗೋಣೆಪ್ಪನೇ ಹೇಳಿದ.

ಹಾಜಿರಾಬಿ ಗೆಳತಿಯ ಕಂಕುಳಿಗೆ ಕೈ ಹಾಕಿ ಮೇಲೆತ್ತಲು ನೋಡಿದಳು. ಮೈ ಕೂಡಲೇ ಜೋತುಬಿದ್ದು ಭಾರವಾಯಿತು. ಹಾಜಿರಾಬಿ ಕೈ ಬಿಟ್ಟಳು. ಆಮೇಲೆ ಕೇಳಿದಳು.

‘ಪೊಲೀಸರು ಯಾರೂ ಬಂದಿಲ್ಲ ಬೇ ಇಲ್ಲಿ. ಯಾರ ಮುಂದ ಭಾರ ಬಿಟ್ಟೀದಿ?’

ಬಸವಣ್ಣೆವ್ವನಿಗೆ ಕೆಮ್ಮು ಬಂತು, ಕೆಮ್ಮಿ ಮುಗಿಸಿದಳು. ಗಂಜಿ ಕುಡಿದರಾಯಿತು ಎಂದು ತನ್ನೊಳಗೆ ಯಾವಾಗಲೋ ಬಂದು ಮಲಗಿದ್ದ ಮಾತು ಆಗ ಅವಳಿಗೆ ಕಂಡಿತು. ಸಾಯಲು ತಾನೂ ಒಪ್ಪಿಕೊಂಡಿದ್ದಳು. ಗೋಣ್ಯಾನ ಜೊತೆ, ತನ್ನ ಕಣ್ಣೆದುರು ಮೂಗು ಸುರಿಸಿಕೊಂಡು ತಿರುಗಿದ ಗೋಣ್ಯಾನ ಜೊತೆ, ಒಂದು ಮಾತು ಜಗಳ ಕೂಡ ಆಡದೆ. ಮುಖಕ್ಕೆ ರಕ್ತ ಏರಿತು. ಎಷ್ಟೋ ದಿನದ ಮೇಲೆ ಏರಿದ ರಕ್ತ.

‘ನೆಲದಿಂದ ಏಳಾಕ ಬರೂದಿಲ್ಲ. ನೋಡೇನಿ,’ ಅಂದಳು.

‘ಹಂಗಾರ ಏಳಬ್ಯಾಡ.’ ಹಾಜಿರಾಬಿ ಕೈಯಿಂದ ಚೀಲಗಳ ಕಡೆ ತೋರಿಸಿದಳು. ‘ಅತ್ತಾಗ ತಗ್ಗು ಐತೆಲ್ಲ.’

ಬಸವಣ್ಣೆವ್ವ ತಲೆ ಹೊರಳಿಸಿ ಆ ಅಂಚನ್ನು ನೋಡಿದಳು. ಎಲುಬು ಮುರಿದ ಜಾಗ. ನೋಡಿದ ಕೂಡಲೇ ಸೊಂಟದೊಳಗಿನ ರಾಡು ತಣ್ಣಗಾದಂತಾಯಿತು. ಆದರೆ ಅಂಚಿನ ಮೇಲೆ ಕೂತು ಕಾಲು ಇಳಿಬಿಟ್ಟರೆ ಅದು ಕುರ್ಚಿಯ ಎತ್ತರ. ಕುರ್ಚಿಯಿಂದ ಏಳುವುದನ್ನು ಅರುಣಾ ಕಲಿಸಿದ್ದಳು.

ಜೋಳದ ಚೀಲಗಳು ಮುದುಕಿಯರಿಗೆ ಅಲುಗುವಂಥವಲ್ಲ. ಸಾಲಿನ ತುದಿಗೆ ಒಂದು ಎಮ್ಮೆಯ ಬೂಸಾ ಚೀಲ ಇತ್ತು. ಹಾಜಿರಾಬಿ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲಿನಿಂದ ಒದ್ದು ಅದನ್ನು ದಂದಕ್ಕಿಗೆ ಉರುಳಿಸಿದಳು. ಎಮ್ಮೆ ಹೆದರಿ ಹಗ್ಗ ಜಗ್ಗಿತು. ಗೋಣೆಪ್ಪ ಕೋಲು ಊರಿ ಎದ್ದು ನಿಂತ. ಹಾಜಿರಾಬಿ, ಏನ ಮಾಡಾಕತ್ತೀದಿ, ಏರಸಬಾರದು ಅಂತ ಹೇಳೇವಿ, ಮನ್ಯಾಗ ಬಸರಿ ಅದಾಳ ಎಂದು ಕೋಲು ಮುಂದೆ ಮಾಡಿದ.

‘ಯಾರೋ ಏರಾಕತ್ತಾರ?’ ಅಂದಳು ನೆಲದ ಮೇಲಿನವಳು. ದನಿ ಹಳೆಯದು. ‘ನೀ ಪಡಸಾಲಿಗೆ ಇಳಿಸೀದಿ. ನಾ ಇನ್ನೂ ಕೆಳಗ ಇಳ್ಯಾಕತ್ತೇನಿ. ಅದಕ್ಕೇನರ ಶಾಸ್ತ್ರ ಐತೇನು ನಿನ್ನ ಹತ್ರ?’

ಗೋಣೆಪ್ಪನಿಗೆ ಗೊತ್ತಿದ್ದ ಸಾವುಗಳಲ್ಲಿ ಯಾವ ಹೆಣವೂ ತಾನಾಗಿ ಇನ್ನೂ ಕೆಳಗೆ ಇಳಿದಿರಲಿಲ್ಲ.

ಅವಳು ಗಟ್ಟಿ ಇದ್ದ ಕಾಲಿನ ಹಿಮ್ಮಡಿ ಊರಿ, ಕುಂಡಿ ಎಳೆಯುತ್ತ ಹೊರಟಳು. ಬೆನ್ನ ಹುಣ್ಣು ಕಂಬಳಿಗೆ ಅಂಟಿ ಕಿತ್ತು ಬಂತು. ಅಷ್ಟು ದೂರ ಹೋಗಲು ಉಸಿರು ಮೂರು ಸಲ ನಿಂತಿತು. ಹಾಜಿರಾಬಿ ಮುಟ್ಟಲಿಲ್ಲ, ಮೊದಲೇ ಕೆಳಗಿಳಿದು, ಗೆಳತಿ ಕಾಲಿಡುವ ಜಾಗದ ಸಗಣಿಯನ್ನು ಬರಿಗೈಲೆ ಬಾಚಿ ಬೂಸಾ ಎರಚಿದಳು. ಅಂಚು ಸಿಕ್ಕಿತು. ಒಂದು ಕಾಲು ಇಳಿಯಿತು. ಇನ್ನೊಂದನ್ನು ಬಸವಣ್ಣೆವ್ವ ಎರಡೂ ಕೈಯಿಂದ ಎತ್ತಿ, ಬೇರೆಯವರದೆಂಬಂತೆ ಆಚೆ ಹಾಕಿದಳು. ಪಾದಕ್ಕೆ ತಣ್ಣನೆ ಕಲ್ಲು ತಾಗಿತು. ಕೂತಿದ್ದಳು. ಗೋಡೆ, ಬಾಗಿಲು, ಎಮ್ಮೆ ಎಲ್ಲ ಬಹಳ ದಿನದ ಮೇಲೆ ನೆಟ್ಟಗೆ ಕಂಡವು. ಕಂಡು ತಿರುಗತೊಡಗಿದವು.

ಹಿಡಿಯಲು ಏನೂ ಇರಲಿಲ್ಲ. ಅಂಚಿನ ಕಲ್ಲು ತುಳಿತುಳಿದು ನುಣ್ಣಗಾದದ್ದು; ಮೈ ಮುಂದಕ್ಕೆ ಜಾರತೊಡಗಿತು. ಹಾಜಿರಾಬಿ ಎದುರು ನಿಂತು ಎರಡೂ ಕೈ ಅವಳ ಮೊಣಕಾಲಿಗೆ ಒತ್ತಿ ತಡೆದಳು. ತಾನೇ ಮುದುಕಿ, ಹೆಚ್ಚು ಹೊತ್ತು ತಡೆಯಲಾರಳು. ಇಬ್ಬರಿಗೂ ಗೊತ್ತಿತ್ತು. ಇನ್ನೊಂದು ಸಲ ಬಿದ್ದರೆ ಅಮಾಸಿಯ ಮಾತು ಖರೇ ಆಗುತ್ತದೆ.

‘ಗೋಣೆಪ್ಪಾ, ವಾಕರ್ ತಾ.’

ಅವನು ಅಲುಗಲಿಲ್ಲ.

‘ವೈನಿ, ನನಗ ಅಂಜಿಕಿ ಆಕ್ಕೈತಿ,’ ಅಂದ.

‘ನನಗೂ ಆಗೇತಿ. ತಾ.’

ಮತ್ತೆ ಒಂದು ಬೆರಳು ಜಾರಿದಳು. ಹಾಜಿರಾಬಿ ಅಲ್ಲಾಹನ ಹೆಸರು ತೆಗೆದಳು. ಗೋಣೆಪ್ಪ ದಂದಕ್ಕಿ ದಾಟಿ, ಮೆಟ್ಟಿಲು ಹತ್ತಿ, ಅಡಿಗೆಮನೆಯಿಂದ ಹಿತ್ತಲಿಗೆ ಹೋದ. ಹಿತ್ತಲಲ್ಲಿ ಏನೋ ಬಿದ್ದ ಸದ್ದು. ಹೊಸ್ತಿಲ ಹತ್ತಿರ ಕೋಲು ಅಡ್ಡ ಬಿದ್ದಿತ್ತು. ಸೀರೆ ಸಮೇತ ವಾಕರ್ ಎತ್ತಿಕೊಂಡು ಬಂದವನು ಅದನ್ನು ಅತ್ತಿಗೆಯ ಮುಂದೆ ಊರಿ, ಅಲುಗದಂತೆ ಅದರ ಕಾಲುಗಳನ್ನು ತನ್ನ ಪಾದದಿಂದ ಮೆಟ್ಟಿ ಹಿಡಿದ.

ಹಾಜಿರಾಬಿ ಕೈ ತೆಗೆದು ಹಿಂದೆ ಸರಿದಳು. ನಾ ಎತ್ತೂದಿಲ್ಲ ಅಂದಳು.

ಬಸವಣ್ಣೆವ್ವ ಹಿಡಿದಳು. ಮೊದಲ ಸಲ ಏಳಲಿಲ್ಲ. ಎರಡನೆಯ ಸಲ ಕುಂಡಿ ಕಲ್ಲು ಬಿಟ್ಟು ಮತ್ತೆ ಕೂತಿತು. ಗೋಣೆಪ್ಪನ ಮುಖ ತನ್ನ ಮುಖದ ಎದುರಿಗೇ ಇತ್ತು. ಅವನು ರೂಢಿಯಂತೆ ಅವಳ ಉಸಿರು ನೋಡುತ್ತಿದ್ದ. ಅದನ್ನು ಕಂಡು, ಅವನ ಕಡೆಯ ಮೂರು ತಲೆಮಾರು ಸೇರಿಸಿ ಒಂದು ಬೈಗುಳ ಬೈದು ಎದ್ದಳು. ನಿಂತಳು. ಕಾಲು ಗಡಗಡ ನಡುಗಿತು, ಮುರಿಯಲಿಲ್ಲ. ನಿಂತ ಮೇಲೆ ಒಂದು ಹೆಜ್ಜೆ, ಅದರಾಚೆ ಗೋಡೆಯ ಗೂಟದತನಕ ಇನ್ನೂ ಕೆಲವು. ಗೂಟ ಹಿಡಿದು ಕೆಮ್ಮಿದಳು. ವಾರದಿಂದ ಎದೆಯಲ್ಲಿ ಕೂತ ಕಫ ಗಡ್ಡೆಯಾಗಿ ಹೊರಗೆ ಬಂತು.

ಹೊಲದಿಂದ ಬಂದವರು ಬಾಗಿಲಲ್ಲಿ ನಿಂತು ನೋಡಿದಾಗ ಪಡಸಾಲೆಯ ಕಂಬಳಿ ಖಾಲಿ ಇತ್ತು. ಶೀಲಾಳ ತಲೆಯ ಮೇಲಿನ ಬುಟ್ಟಿ ಕೆಳಗೆ ಬಿತ್ತು. ಎಮ್ಮೆಯ ಮಗ್ಗುಲಿಂದ ದನಿ ಬಂತು: ಬುತ್ತಿ ಎಲ್ಲ ಹೊಲಕ್ಕ ಚೆಲ್ಲಿ ಬಂದೀರೋ, ನನಗೊಂದು ರೊಟ್ಟಿ ಉಳಿಸೀರೋ. ಬಸವಣ್ಣೆವ್ವ ಬೂಸಾ ಚೀಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೈಲೇಶ ಓಡಿ ಬಂದು ಎತ್ತಲು ಕೈ ಚಾಚಿದ. ಮುಟ್ಟಬ್ಯಾಡ ಅಂದಳು. ಶೀಲಾ ಗೋಣೆಪ್ಪನ ಮುಖ ನೋಡಿದಳು. ಅವನು ಬಹಳ ಹೊತ್ತು ಯೋಚಿಸಿ, ನಾವು ಯಾರೂ ಏರಿಸಿಲ್ಲ, ಅಕೀನ ಇಳದಾಳ ಅಂದ. ಮಂಚ ಎಲ್ಲಿ ಹಾಕೂದು ಅಂದರೆ, ಇಲ್ಲೇ ದಂದಕ್ಕ್ಯಾಗ ಹಾಕ್ರಿ ಅಂದ.

ಎಮ್ಮೆಯನ್ನು ಹೊರಗಿನ ಚಪ್ಪರಕ್ಕೆ ಕಟ್ಟಿ, ನೆಲ ತೊಳೆದು ಮಂಚ ಹಾಕಿದರು. ಅದೇನು ಸುಖದ ಕತೆಯಾಗಲಿಲ್ಲ. ಬೆನ್ನ ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು. ಕಾಲು ಒಂದು ಬೆರಳು ಗಿಡ್ಡವಾಗಿ ಉಳಿಯಿತು, ನಡೆದರೆ ಒಂದು ಕಡೆ ವಾಲುತ್ತಾಳೆ. ಚಳಿಗೆ ರಾಡು ಕಚ್ಚುತ್ತದೆ, ಕಚ್ಚಿದ ದಿನ ಮನೆಯಲ್ಲಿ ಯಾರಿಗೂ ಉಳಿಗಾಲ ಇಲ್ಲ. ಭುವನಾ ಬಂದು ಹಡೆದಳು. ತಾಯಿ ಮಗು ಚೆನ್ನಾಗಿದ್ದಾರೆ ಎಂದು ತಿಳಿಯುವವರೆಗೆ ಶೀಲಾ ಅತ್ತೆಯ ಮುಖ ನೇರ ನೋಡಲಿಲ್ಲ. ತಿಳಿದ ಮೇಲೆ ಸಕ್ಕರೆ ಇಲ್ಲದ ಚಾ ತಂದುಕೊಟ್ಟು ಮುಂದೆ ಕೂತು ಅತ್ತಳು. ಬಸವಣ್ಣೆವ್ವ ಚಾ ಕುಡಿದಳು. ಕುಡಿದು, ಬಟ್ಟಲು ತಗೊಂಡು ಹೋಗು ಅಂದಳು.

ಗೋಣೆಪ್ಪ ಈಗಲೂ ಕಟ್ಟೆಯ ಮೇಲೇ ಕೂಡುತ್ತಾನೆ, ಕೋಲೂ ಇದೆ. ದಿನಾ ಬೆಳಿಗ್ಗೆ ವಾಕರಿನ ಸದ್ದು ಹೊಸ್ತಿಲು ದಾಟಿ ಬಂದಾಗ ಅವನು ಒಂದಿಷ್ಟು ಸರಿದು ಜಾಗ ಬಿಡಬೇಕು. ಬಿಡದಿದ್ದರೆ ಬೈಗುಳ. ಓಣಿಯವರು ಇಂದಿಗೂ ಅವನಿಗೆ ಹೇಳಿ ಕಳಿಸುತ್ತಾ‍ರೆ. ಹೋಗುತ್ತಾನೆ. ಬೆರಳು ಹಿಡಿಯುವ ಮೊದಲು, ಗುಳಿಗಿ ತಗೊಂಡು ಉಂಡಾರೋ ಇಲ್ಲೋ, ಡಾಕ್ಟರಿಗೆ ಫೋನು ಹಚ್ಚೀರೋ ಇಲ್ಲೋ ಎಂದು ಕೇಳುತ್ತಾನೆ.